ಕಾಲಡಿಯ ನೆಲದ ಗದ್ದಲ

ಗಡಿಗೆ ಕೊಳ್ಳುವವರು ಅದನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ನೋಡುತ್ತಾರೆ. 'ಠಣ್' ಎಂದರೆ ಚೆನ್ನಾಗಿ ಬೆಂದಿದೆ. 'ಬದ್' ಎಂದರೆ ಎಲ್ಲೋ ಸೀಳು ಬಿಟ್ಟಿದೆ. ತೆಂಗಿನಕಾಯಿ, ಕಲ್ಲಂಗಡಿಗಳ ಪರೀಕ್ಷೆಯೂ ಹೀಗೆಯೇ. ನಾಲ್ಕು ಕಾಸಿನ ಗಡಿಗೆಗೆ ತೋರುವ ಈ ಎಚ್ಚರವನ್ನು, ಜನ್ಮದ ಉಳಿತಾಯವನ್ನೆಲ್ಲ ಸುರಿದು ಕೊಳ್ಳುವ ಮನೆಯ ಅಡಿಯ ನೆಲಕ್ಕೆ ನಾವು ತೋರುವುದಿಲ್ಲ. ಊರು ಬಿಟ್ಟು ಬಂದು ಮುಂಬಯಿಯಲ್ಲೋ ಪುಣೆಯಲ್ಲೋ ದಿಲ್ಲಿಯಲ್ಲೋ ನೆಲೆಸಿದ ನಾವು ಫ್ಲಾಟು ನೋಡಲು ಹೋದಾಗ ಸ್ಟೇಷನ್ನು ಎಷ್ಟು ದೂರ, ನೀರು ಎಷ್ಟು ಹೊತ್ತು ಬರುತ್ತದೆ, ಮಕ್ಕಳ ಶಾಲೆ ಹತ್ತಿರವಿದೆಯೆ, ಅಡಿಗೆಮನೆಗೆ ಬೆಳಕಿದೆಯೆ ಎಂದು ಹತ್ತು ಪ್ರಶ್ನೆ ಕೇಳುತ್ತೇವೆ. 'ಇದರ ಕೆಳಗೆ ಬಂಡೆ ಎಷ್ಟು ಅಡಿಗೆ ಸಿಕ್ಕುತ್ತದೆ?' ಎಂದು ಕೇಳಿದವರನ್ನು ನಾವಂತೂ ಕಂಡಿಲ್ಲ. ಕೇಳಿದರೆ ಕಟ್ಟಿಸುವಾತ ನಮ್ಮ ಮುಖವನ್ನೇ ನೋಡಿಯಾನು.

ನೆಲವನ್ನೂ ಬಡಿದು ನೋಡಬಹುದೆಂಬುದು ಈಗ ವಿಜ್ಞಾನಿಗಳಿಗೆ ಚೆನ್ನಾಗಿ ತಿಳಿದಿದೆ. ಇನ್ನೂ ಸೋಜಿಗವೆಂದರೆ, ನಾವು ಕೈಯೆತ್ತಿ ಬಡಿಯಬೇಕಾದ ಅಗತ್ಯವೂ ಇಲ್ಲ. ಹಗಲಿರುಳೂ ಅದನ್ನು ಯಾರೋ ಬಡಿಯುತ್ತಲೇ ಇದ್ದಾರೆ. ನಾವು ಕಿವಿಗೊಟ್ಟರೆ ಸಾಕು.

ನಿಶ್ಚಲವಾದುದಕ್ಕೆ ನಾವು ನೆಲವನ್ನೇ ಹೋಲಿಕೆ ಕೊಡುವುದುಂಟು. ಆದರೆ ನೆಲ ಎಂದೂ ನಿಶ್ಚಲವಲ್ಲ. ಅದು ಸದಾ ಅದಿರುತ್ತಿರುತ್ತದೆ. ಆ ಅದಿರಾಟ ಎಷ್ಟು ಸಣ್ಣದೆಂದರೆ, ಒಂದು ಮಿಲಿಮೀಟರಿನ ಸಾವಿರದ ಕೆಲವು ಭಾಗಗಳಷ್ಟು, ಅನೇಕ ಕಡೆ ಅದಕ್ಕಿಂತಲೂ ಕಡಿಮೆ. ತಲೆಗೂದಲ ದಪ್ಪ ಇದರ ಮುಂದೆ ಬೆಟ್ಟ. ನಮ್ಮ ಪಾದಕ್ಕೆ ಅದು ತಿಳಿಯದು, ಭೂಕಂಪಮಾಪಕಕ್ಕೆ ತಿಳಿಯುತ್ತದೆ. ಇದಕ್ಕೆ ಸೂಕ್ಷ್ಮಕಂಪನವೆಂದು ಹೆಸರು.

ಇಟಲಿಯ ಫ್ಲಾರೆನ್ಸಿನಲ್ಲಿ ಟಿಮೊಟಿಯೊ ಬರ್ಟೆಲ್ಲಿ ಎಂಬ ಕ್ರೈಸ್ತ ಸಂನ್ಯಾಸಿಯೊಬ್ಬನಿದ್ದನು. ೧೮೭೦ರ ಸುಮಾರಿನಿಂದ ಆತನು ಒಂದು ಲೋಲಕವನ್ನು ತೂಗುಹಾಕಿ, ಅದರ ತುದಿಯನ್ನು ಸೂಕ್ಷ್ಮದರ್ಶಕದ ಮೂಲಕ ನೋಡುತ್ತ ಕುಳಿತನು; ಒಂದು ದಿನವಲ್ಲ, ವರ್ಷಗಟ್ಟಲೆ. ಭೂಕಂಪವಿಲ್ಲದ ದಿನಗಳಲ್ಲಿಯೂ ಲೋಲಕ ಮಿಡುಕುತ್ತಿತ್ತು. ವಾಯುಭಾರ ಇಳಿದು ಹವೆ ಕೆಟ್ಟಾಗ ಆ ಮಿಡುಕು ಹೆಚ್ಚುತ್ತಿತ್ತು. ಜಪಸರಕ್ಕೆ ಒಗ್ಗಿದ ಕೈಯಲ್ಲದೆ ಮತ್ತಾರು ಇಷ್ಟು ತಾಳ್ಮೆಯ ಕೆಲಸ ಮಾಡಿಯಾರು!

ಹವೆಗೂ ನೆಲದ ನಡುಕಕ್ಕೂ ಏನು ಸಂಬಂಧ? ಇದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ದೇಶದವರೊಬ್ಬರಿದ್ದರೆಂಬುದನ್ನು ಮುಂಬಯಿಯ ವಾಚಕರು ವಿಶೇಷವಾಗಿ ಗಮನಿಸಬೇಕು. ಕೊಲಾಬಾ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಸುಧಾಂಶು ಕುಮಾರ್ ಬ್ಯಾನರ್ಜಿಯವರು, ಮಳೆಗಾಲದ ಗಾಳಿ ಬಲವಾದಾಗ ಮತ್ತು ಸಮುದ್ರದಲ್ಲಿ ಚಂಡಮಾರುತವೆದ್ದಾಗ ಅಲ್ಲಿಯ ಭೂಕಂಪಮಾಪಕ ಬರೆಯುವ ಗೆರೆ ಹೇಗೆ ಅಲುಗುತ್ತದೆಂಬುದನ್ನು ಅಭ್ಯಾಸಮಾಡಿ, ೧೯೩೦ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅರಬ್ಬೀ ಸಮುದ್ರದ ಅಲೆಗಳು ಕೊಲಾಬಾದ ಬಂಡೆಯನ್ನೇ ಅಲುಗಿಸುತ್ತಿದ್ದುವು. ಜೂನ್ ತಿಂಗಳಲ್ಲಿ ಮರೀನ್ ಡ್ರೈವಿನ ಕಟ್ಟೆಗೆ ಅಪ್ಪಳಿಸುವ ತೆರೆಗಳನ್ನು ಕಂಡವರು ಇದನ್ನು ಸುಲಭವಾಗಿ ನಂಬಬಲ್ಲರು. ಆದರೆ ದಡದಿಂದ ನೂರಾರು ಮೈಲಿ ಒಳಗಿರುವ ಊರುಗಳಲ್ಲಿಯೂ ಈ ಕಂಪನ ತಿಳಿಯುವುದೇಕೆ, ಆಳವಾದ ಕಡಲ ತಳಕ್ಕೆ ಮೇಲಿನ ಅಲೆಯ ಒತ್ತಡ ಮುಟ್ಟುವುದಾದರೂ ಹೇಗೆ ಎಂಬ ಒಗಟು ಉಳಿದಿತ್ತು. ಇಂಗ್ಲೆಂಡಿನ ಗಣಿತಜ್ಞ ಲಾಂಗೆಟ್-ಹಿಗಿನ್ಸ್ ೧೯೫೦ರಲ್ಲಿ ಅದನ್ನು ಬಿಡಿಸಿದನು. ಎದುರುಬದುರಾಗಿ ಬರುವ ಎರಡು ಅಲೆಸಾಲುಗಳು ಕೂಡಿದಾಗ, ಅಲೆಗಳ ಎರಡರಷ್ಟು ವೇಗದಲ್ಲಿ ಮಿಡಿಯುವ ಒತ್ತಡವೊಂದು ಹುಟ್ಟುತ್ತದೆ. ಅದು ಆಳಕ್ಕೆ ಇಳಿದರೂ ಕುಂದುವುದಿಲ್ಲ. ಹದಿನಾಲ್ಕು ಸೆಕೆಂಡಿಗೊಮ್ಮೆ ಏಳುವ ಕಡಲ ಅಲೆಗೆ ಏಳು ಸೆಕೆಂಡಿಗೊಮ್ಮೆ ನೆಲ ಮಿಡಿಯುವುದು ಇದರಿಂದಲೇ.

ಸಮುದ್ರದ್ದು ನಿಧಾನದ ಮಿಡಿತ. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಲ ಆಗುವ ಚುರುಕಿನ ನಡುಕವೆಲ್ಲ ಬಹುಮಟ್ಟಿಗೆ ನಮ್ಮದೇ ಉಪಕಾರ: ರೈಲು, ಲಾರಿ, ಪಂಪು, ಗಿರಣಿ, ಶಾಲೆ ಬಿಟ್ಟಾಗ ಓಡುವ ಹುಡುಗರು. ೨೦೨೦ರಲ್ಲಿ ಸಾಂಕ್ರಾಮಿಕ ರೋಗದ ಭಯದಿಂದ ಲೋಕವೆಲ್ಲ ಬಾಗಿಲಿಕ್ಕಿಕೊಂಡಾಗ, ಜಗತ್ತಿನ ಅನೇಕ ಭೂಕಂಪಮಾಪಕಗಳಲ್ಲಿ ಈ ಚುರುಕಿನ ಗದ್ದಲ ಇಳಿಯಿತು. ಕೆಲವು ಕಡೆ ಅರ್ಧಕ್ಕರ್ಧ. ಮನುಷ್ಯ ಸುಮ್ಮನಾದುದನ್ನು ಭೂಮಿಯೇ ದಾಖಲೆ ಮಾಡಿಕೊಂಡಿತು.

ಭೂಕಂಪ ಶಾಸ್ತ್ರಜ್ಞರಿಗೆ ಈ ಗದ್ದಲ ಬಹುಕಾಲ ಬರಿಯ ಪೀಡೆಯಾಗಿದ್ದಿತು. ಸಂಗೀತ ಕೇಳಲು ಹೋದವನಿಗೆ ಪಕ್ಕದವನ ಹರಟೆಯಿದ್ದಂತೆ. ಅದರಿಂದ ತಪ್ಪಿಸಿಕೊಳ್ಳಲೆಂದೇ ಸದ್ದಿಲ್ಲದ ಜಾಗಗಳನ್ನು ಅರಸುತ್ತಿದ್ದರು. ನಮ್ಮ ಗೌರಿಬಿದನೂರಿನಲ್ಲಿ ೧೯೬೦ರ ದಶಕದಲ್ಲಿ ಅಣುಶಕ್ತಿ ಸಂಸ್ಥೆಯವರು ಸಾಲುಸಾಲಾಗಿ ಭೂಕಂಪಮಾಪಕಗಳನ್ನು ಹೂಳಿ, ದೂರದ ದೇಶಗಳು ನೆಲದಡಿಯಲ್ಲಿ ಸಿಡಿಸುವ ಅಣುಬಾಂಬುಗಳ ಸುಳಿವು ಹಿಡಿಯುವ ಕೇಂದ್ರವನ್ನು ಸ್ಥಾಪಿಸಿದರಷ್ಟೆ. ಕಡಲಿನಿಂದ ದೂರ, ಅಡಿಯಲ್ಲಿ ಗಟ್ಟಿಯಾದ ಪುರಾತನ ಶಿಲೆ. ಇಂಥ ಕೆಲಸಕ್ಕೆ ಇದಕ್ಕಿಂತ ಬೇರೇನು ಬೇಕು?

ಪೀಡೆಯನ್ನೇ ಉಪಕರಣ ಮಾಡಿಕೊಂಡವರು ಜಪಾನಿನವರು. ಅವರ ನಗರಗಳು ಬಹುತೇಕ ನದಿಗಳು ತಂದು ಹಾಸಿದ ಮೆತ್ತನೆಯ ಮಣ್ಣಿನ ಮೇಲಿವೆ. ಭೂಕಂಪವಂತೂ ಮನೆಯ ನೆಂಟ. ಕಿಯೋಷಿ ಕನಾಯಿ ಮತ್ತು ಅವರ ಜೊತೆಯವರು ೧೯೫೦ರ ದಶಕದಲ್ಲಿ ಬೇರೆಬೇರೆ ಬಗೆಯ ನೆಲಗಳ ಸೂಕ್ಷ್ಮಕಂಪನವನ್ನು ಅಳೆಯುತ್ತ ಹೋದರು. ಗಟ್ಟಿ ನೆಲದ ನಡುಕ ಚುರುಕು; ಮೆತ್ತನೆಯ ನೆಲದ್ದು ನಿಧಾನ. ಪ್ರತಿಯೊಂದು ನೆಲಕ್ಕೂ ಅದರದೇ ಶ್ರುತಿ ಇದೆಯೆಂದಾಯಿತು.

ಈ ಶ್ರುತಿಯ ಲೆಕ್ಕ ಕಠಿಣವೇನಲ್ಲ. ತಟ್ಟೆಯಲ್ಲಿ ದಪ್ಪಗೆ ಸುರಿದ ಹಾಲುಬಾಯಿಯನ್ನು ನೆನೆಯಿರಿ. ತಟ್ಟೆಯನ್ನು ಮೆಲ್ಲನೆ ಅಲುಗಿಸಿದರೆ ಅದರ ಮೇಲ್ಭಾಗ ತಟ್ಟೆಗಿಂತ ಹೆಚ್ಚಾಗಿ ತೂಗಾಡುತ್ತದೆ, ಅದೂ ತನ್ನದೇ ಒಂದು ಲಯದಲ್ಲಿ. ಬಂಡೆಯ ಮೇಲೆ ಕುಳಿತ ಜೇಡಿಮಣ್ಣಿನ ಪದರವೂ ಹಾಗೆಯೇ. ತಂಬೂರಿಯ ತಂತಿ ಉದ್ದವಾದಷ್ಟೂ ಶ್ರುತಿ ಇಳಿಯುತ್ತದೆ, ಬಿಗಿಯಾದಷ್ಟೂ ಏರುತ್ತದೆ. ಇಲ್ಲಿ ಉದ್ದವೆಂದರೆ ಮಣ್ಣಿನ ಪದರದ ದಪ್ಪ, ಬಿಗಿಯೆಂದರೆ ಅಡ್ಡ ಅಲುಗಾಟದ ಅಲೆ ಆ ಮಣ್ಣಿನಲ್ಲಿ ಓಡುವ ವೇಗ. ಆ ವೇಗವನ್ನು ದಪ್ಪದ ನಾಲ್ಕರಷ್ಟರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆಂಬುದು ಸಿಕ್ಕುತ್ತದೆ. ಗಟ್ಟಿ ಬಂಡೆಯಲ್ಲಿ ಈ ಅಲೆ ಸೆಕೆಂಡಿಗೆ ಸಾವಿರದೈನೂರು ಮೀಟರಿಗೂ ಹೆಚ್ಚು ಓಡುತ್ತದೆ. ಕೆಸರಿನಂಥ ಜೇಡಿಯಲ್ಲಿ ನೂರು ಮೀಟರೂ ಓಡದೆ ಕಾಲೆಳೆಯುತ್ತದೆ.

ಇದೆಲ್ಲ ಏಕೆ ಬೇಕು ಎಂಬುದಕ್ಕೆ ಮೆಕ್ಸಿಕೊ ನಗರದ ಕಥೆಯನ್ನು ಹೇಳಲೇಬೇಕು.

ಆ ಮಹಾನಗರದ ಹೃದಯಭಾಗ ಒಂದು ಕಾಲಕ್ಕೆ ಸರೋವರ. ಅಸ್ಟೆಕ್ ಜನರು ನೀರಿನ ನಡುವಣ ದ್ವೀಪದಲ್ಲಿ ರಾಜಧಾನಿ ಕಟ್ಟಿದ್ದರು. ಸ್ಪೇನಿನವರು ಗೆದ್ದುಕೊಂಡ ಮೇಲೆ ಕ್ರಮೇಣ ಸರೋವರವನ್ನು ಬತ್ತಿಸಿದರು. ಅದರ ತಳದ ಜೇಡಿಯ ಮೇಲೆ ನಗರ ಹಬ್ಬಿತು. ೧೯೮೫ರ ಸೆಪ್ಟೆಂಬರ್ ೧೯ರ ಬೆಳಿಗ್ಗೆ ಪೆಸಿಫಿಕ್ ದಡದಲ್ಲಿ ೮ರ ಪ್ರಮಾಣದ ಭೂಕಂಪವಾಯಿತು. ದಡದಿಂದ ನಗರಕ್ಕೆ ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿಗೂ ಹುಬ್ಬಳ್ಳಿಗೂ ಇರುವಷ್ಟು ದೂರ. ಅಷ್ಟು ದೂರ ಬಂದ ಅಲೆ ಬಳಲಿರಬೇಕು. ನಗರದ ಅಂಚಿನ ಗಟ್ಟಿ ನೆಲದ ಮೇಲಿನ ವಿಶ್ವವಿದ್ಯಾಲಯದಲ್ಲಿ ಅದು ಬಳಲಿಯೇ ಇದ್ದಿತು. ಅಲ್ಲಿ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಆದರೆ ಕೆಲವೇ ಕಿಲೋಮೀಟರು ಆಚೆ, ಹಳೆಯ ಸರೋವರದ ಮೇಲೆ, ಅಲುಗಾಟದ ಬಲ ಸುಮಾರು ಐದು ಪಟ್ಟಾಯಿತು. ನೂರಾರು ಕಟ್ಟಡಗಳು ಕುಸಿದವು. ಸಾವಿರಾರು ಜನ ಸತ್ತರು.

ಲೆಕ್ಕ ಹಾಕಿ ನೋಡೋಣ. ಜೇಡಿಯ ದಪ್ಪ ನಲವತ್ತು ಮೀಟರು, ಅಲೆಯ ವೇಗ ಎಂಬತ್ತು ಮೀಟರು ಎಂದಿಟ್ಟುಕೊಳ್ಳಿ. ಅಲ್ಲಿಯ ನೆಲ ಬಹುಮಟ್ಟಿಗೆ ಹೀಗೆಯೇ ಇದ್ದಿತು. ಎಂಬತ್ತನ್ನು ನೂರರವತ್ತರಿಂದ ಭಾಗಿಸಿದರೆ ಅರ್ಧ. ಎಂದರೆ ಎರಡು ಸೆಕೆಂಡಿಗೊಂದು ತೂಗು. ಕಟ್ಟಡಗಳಿಗೂ ಇಂಥ ಲಯವಿದೆ. ಒಂದೊಂದು ಅಂತಸ್ತಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗವೆಂದು ಎಂಜಿನಿಯರರು ಸ್ಥೂಲವಾಗಿ ಹಿಡಿಯುತ್ತಾರೆ. ಹನ್ನೆರಡು ಅಂತಸ್ತಿನದು ಒಂದೂಕಾಲು ಸೆಕೆಂಡಿನ ಸಮೀಪ. ಗೋಡೆ ಕಂಬಗಳು ಬಿರಿಯತೊಡಗಿದರೆ ಅದರ ತೂಗು ಇನ್ನೂ ನಿಧಾನವಾಗಿ ಎರಡರ ಕಡೆಗೆ ಸರಿಯುತ್ತದೆ. ಆಗ ನೆಲವೂ ಕಟ್ಟಡವೂ ಒಂದೇ ತಾಳಕ್ಕೆ ಬಿದ್ದುವೆಂದಾಯಿತು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ನೂಕುತ್ತ ಹೋದರೆ ಎಷ್ಟು ಎತ್ತರಕ್ಕೆ ಏರುತ್ತದೆಂಬುದನ್ನು ಮಕ್ಕಳೂ ಬಲ್ಲರು. ಆರರಿಂದ ಹದಿನೈದು ಅಂತಸ್ತಿನವೇ ಅಲ್ಲಿ ಹೆಚ್ಚಾಗಿ ನೆಲಕಚ್ಚಿದವು. ೧೯೫೬ರಲ್ಲಿ ಪೂರೈಸಿದ ನಲವತ್ತನಾಲ್ಕು ಅಂತಸ್ತಿನ ಲ್ಯಾಟಿನೊ-ಅಮೆರಿಕಾನಾ ಗೋಪುರ ಅದೇ ಕೆಸರಿನ ಮೇಲೆ ನಿಂತಿದ್ದರೂ ಕದಲಲಿಲ್ಲ. ಅದರ ಕಟ್ಟೋಣ ಬಲವಾಗಿದ್ದುದು ನಿಜ. ಅದರ ತಾಳವೇ ಬೇರೆಯಾಗಿದ್ದುದೂ ನಿಜ. ಮೂವತ್ತೆರಡು ವರ್ಷಗಳ ಬಳಿಕ, ೨೦೧೭ರಲ್ಲಿ, ಅದೇ ಸೆಪ್ಟೆಂಬರ್ ೧೯ರಂದೇ ಮತ್ತೊಂದು ಭೂಕಂಪ ಬಂದಿತು. ಈ ಸಲ ಅದು ಹತ್ತಿರದ್ದು, ಚುರುಕಿನ ಲಯದ್ದು. ಜೇಡಿ ತೆಳುವಾಗಿರುವ ಅಂಚಿನ ಪ್ರದೇಶದಲ್ಲಿ ಕಡಿಮೆ ಎತ್ತರದ ಕಟ್ಟಡಗಳು ಹೆಚ್ಚಾಗಿ ಕೆಟ್ಟವು. ಎತ್ತರದ ಮನೆಯೇ ಅಪಾಯ, ಗಿಡ್ಡ ಮನೆಯೇ ಕ್ಷೇಮ ಎಂಬ ಸುಲಭ ಸೂತ್ರ ಇಲ್ಲಿ ನಡೆಯದೆಂಬುದನ್ನು ಓದುಗರು ಗಮನಿಸಿದರೆ ಸಾಕು.

ಹಾಗಾದರೆ ನೆಲದ ಲಯವನ್ನು ಭೂಕಂಪ ಬರುವ ಮೊದಲೇ ತಿಳಿಯುವುದು ಹೇಗೆ? ಬೋರು ಕೊರೆಯಬಹುದು, ಅದಕ್ಕೆ ಹಣ ಬೇಕು, ಮೇಲಾಗಿ ಒಂದು ಬೋರು ಹೇಳುವುದು ಒಂದು ಜಾಗದ ಮಾತನ್ನು ಮಾತ್ರ. ಸಿಡಿಮದ್ದು ಹಾರಿಸಿ ಅಲೆಯೆಬ್ಬಿಸಬಹುದು. ದಾದರಿನ ನಡುವೆ ಅದನ್ನು ಮಾಡಲು ಯಾವ ಪೋಲೀಸರು ಒಪ್ಪುತ್ತಾರೆ? ಇಲ್ಲಿಯೇ ನಮ್ಮ ಪುಕ್ಕಟೆ ಗದ್ದಲ ನೆರವಿಗೆ ಬರುವುದು.

ಜಪಾನಿನ ರೈಲ್ವೆ ಸಂಶೋಧನಾ ಸಂಸ್ಥೆಯ ಯುತಾಕ ನಕಮುರ ೧೯೮೯ರಲ್ಲಿ ಒಂದು ಸರಳ ಉಪಾಯವನ್ನು ಲೋಕದ ಮುಂದಿಟ್ಟರು. ಅದರ ಬೀಜ ಅದೇ ದೇಶದ ನೊಗೊಷಿ, ಇಗರಷಿ ಎಂಬವರ ೧೯೭೧ರ ಕೆಲಸದಲ್ಲಿತ್ತು. ಭೂಕಂಪಮಾಪಕ ನೆಲದ ಅಲುಗಾಟವನ್ನು ಮೂರು ದಿಕ್ಕಿನಲ್ಲಿ ಬರೆದುಕೊಳ್ಳುತ್ತದೆ: ತೆಂಕಣ-ಬಡಗಣ, ಮೂಡಣ-ಪಡುವಣ, ಮೇಲೆ-ಕೆಳಗೆ. ಮೆತ್ತನೆಯ ಪದರ ಅಡ್ಡ ಅಲುಗಾಟವನ್ನು ತನ್ನ ಲಯದಲ್ಲಿ ಹಿಗ್ಗಿಸುತ್ತದೆ; ಮೇಲೆ-ಕೆಳಗಿನ ಅಲುಗಾಟವನ್ನು ಆ ಲಯದಲ್ಲಿ ಅಷ್ಟಾಗಿ ಹಿಗ್ಗಿಸುವುದಿಲ್ಲ. ಅಡ್ಡದ್ದನ್ನು ಲಂಬದ್ದರಿಂದ ಭಾಗಿಸಿದರೆ ಲಾರಿ ಎಷ್ಟು ದೊಡ್ಡದು, ಕಡಲು ಎಷ್ಟು ಕೆರಳಿತ್ತು ಎಂಬುದೆಲ್ಲ ಬಹುಮಟ್ಟಿಗೆ ಎರಡು ಕಡೆಯಿಂದಲೂ ವಜಾ ಆಗಿ, ನೆಲದ ಸ್ವಂತ ಶ್ರುತಿ ಒಂದು ಶಿಖರದಂತೆ ಎದ್ದು ಕಾಣುತ್ತದೆ. ಅಡಿಯಲ್ಲಿ ಬಂಡೆಯೇ ಇದ್ದರೆ ಶಿಖರವೇ ಏಳುವುದಿಲ್ಲ. ಅದೂ ಒಂದು ಉತ್ತರವೇ, ಅದೂ ಒಳ್ಳೆಯ ಉತ್ತರ.

ಕೆಲಸ ನೋಡಲು ತೀರ ಸಪ್ಪೆ. ಊಟದ ಡಬ್ಬಿಯಷ್ಟೋ ಸ್ವಲ್ಪ ದೊಡ್ಡದೋ ಆದ ಉಪಕರಣವನ್ನು ನೆಲದ ಮೇಲೆ ಮಟ್ಟಸವಾಗಿ ಇಟ್ಟು ಸುಮ್ಮನೆ ಕೂರುವುದು. ಸೆಕೆಂಡಿಗೊಮ್ಮೆ ತೂಗುವ ನೆಲಕ್ಕೆ ಹತ್ತು ನಿಮಿಷ, ಐದು ಸೆಕೆಂಡಿಗೊಮ್ಮೆ ತೂಗುವಂಥದಕ್ಕೆ ಅರ್ಧ ಗಂಟೆ ಕಾಯಬೇಕೆಂದು ಯುರೋಪಿನ ವಿಜ್ಞಾನಿಗಳು ೨೦೦೪ರಲ್ಲಿ ಹೊರಡಿಸಿದ ಕೈಪಿಡಿ ಹೇಳುತ್ತದೆ. ಆದರೆ ಸಪ್ಪೆ ಕೆಲಸಕ್ಕೆ ಪಥ್ಯ ಬಹಳ. ಗಾಳಿ ಜೋರಾಗಿರಬಾರದು; ಮರದ ಬುಡ ಕೂಡದು, ಬೇರು ನೆಲವನ್ನು ಜಗ್ಗುತ್ತದೆ; ನೆಲದಡಿಯಲ್ಲಿ ಕೊಳವೆ, ಕಾರು ನಿಲ್ಲಿಸುವ ಮಾಳಿಗೆ ಇರಬಾರದು; ಕುತೂಹಲದಿಂದ ಸುತ್ತ ನೆರೆಯುವ ಜನರನ್ನು ದೂರ ನಿಲ್ಲಿಸಬೇಕು. ನಮ್ಮ ದೇಶದಲ್ಲಿ ಈ ಕಡೆಯದೇ ಎಲ್ಲಕ್ಕಿಂತ ಕಷ್ಟವಿರಬೇಕು. ಹತ್ತಿರದಲ್ಲಿ ಪಂಪೋ ಯಂತ್ರವೋ ಓಡುತ್ತಿದ್ದರೆ ಅದೂ ಒಂದು ಸುಳ್ಳು ಶಿಖರ ಎಬ್ಬಿಸಬಹುದು. ಅದು ಸೂಜಿಯಂತೆ ಚೂಪಾಗಿ, ಮೂರು ದಿಕ್ಕಿನಲ್ಲಿಯೂ ಒಟ್ಟಿಗೆ ಕಾಣುವುದರಿಂದ ಅನುಭವಸ್ಥರು ಗುರುತು ಹಿಡಿಯುತ್ತಾರೆ.

ಶ್ರುತಿ ತಿಳಿಯಿತು, ಪದರಗಳ ವಿವರ? ಇದಕ್ಕೆ ಬೇರೊಂದು ಮಾರ್ಗವಿದೆ. ಕೆಯ್‌ಇತಿ ಅಕಿ ಎಂಬ ತರುಣ ವಿಜ್ಞಾನಿ ೧೯೫೭ರಲ್ಲಿ ಟೋಕಿಯೋದಿಂದ ಪ್ರಕಟಿಸಿದ ಲೇಖನ ಅದರ ಮೂಲ. ನಡುವೆ ಒಂದು ಮಾಪಕ, ಸುತ್ತ ವೃತ್ತಾಕಾರವಾಗಿ ಕೆಲವು. ಅಲೆ ಯಾವ ಕಡೆಯಿಂದಾದರೂ ಬರಲಿ, ನಡುವಿನ ಗೆರೆಯನ್ನು ಸುತ್ತಲಿನ ಗೆರೆಗಳೊಡನೆ ಹೋಲಿಸಿ ಸರಾಸರಿ ತೆಗೆದರೆ ಅಲೆಯ ವೇಗ ಹೊರಬೀಳುತ್ತದೆಂದು ಅವರು ಗಣಿತದಿಂದ ತೋರಿಸಿದರು. ನೆಲದ ಮೇಲ್ಮೈಯಲ್ಲಿ ಸಾಗುವ ಈ ಅಲೆಗಳದೊಂದು ಗುಣವುಂಟು. ಗಿಡ್ಡ ಅಲೆ ಮೇಲಿನ ಮಣ್ಣನ್ನಷ್ಟೇ ತಡವುತ್ತದೆ. ಉದ್ದ ಅಲೆ ಆಳದವರೆಗೆ ಕೈಯಿಕ್ಕುತ್ತದೆ. ಅರುವತ್ತು ಮೀಟರು ಉದ್ದದ ಅಲೆಗೆ ಇಪ್ಪತ್ತು ಮೂವತ್ತು ಮೀಟರು ಆಳದ ಸಮಾಚಾರ ಗೊತ್ತು. ಗಿಡ್ಡದು ನಿಧಾನವಾಗಿಯೂ ಉದ್ದದ್ದು ವೇಗವಾಗಿಯೂ ಓಡುತ್ತಿದ್ದರೆ, ಮೇಲೆ ಮೆತ್ತಗೆ, ಕೆಳಗೆ ಗಟ್ಟಿ ಎಂದರ್ಥ. ಒಂದೊಂದು ಉದ್ದಕ್ಕೆ ಒಂದೊಂದು ವೇಗವನ್ನು ಜೋಡಿಸುತ್ತ ಹೋದರೆ ಪದರಪದರವಾಗಿ ನೆಲದ ಚಿತ್ರ ಮೂಡುತ್ತದೆ. ಸಾಲಾಗಿ ಮಾಪಕಗಳನ್ನಿಟ್ಟು, ಲೋಹದ ಹಲಗೆಯ ಮೇಲೆ ಸುತ್ತಿಗೆಯಿಂದ ಬಡಿದು ಅಲೆಯೆಬ್ಬಿಸುವ ಪದ್ಧತಿಯೂ ಇದೆ. ಸುತ್ತಿಗೆಯ ಅಲೆ ಗಿಡ್ಡದು. ಆಳಕ್ಕೆ ಕಡಲೂ ಲಾರಿಯೂ ಬೇಕು. ಆದುದರಿಂದ ಎರಡನ್ನೂ ಜೊತೆಗೂಡಿಸುವುದುಂಟು.

ಈ ವಿದ್ಯೆಯಿಂದ ಎಲ್ಲವೂ ತಿಳಿಯುತ್ತದೆಂದು ಹೇಳುವವರ ಮಾತನ್ನು ನಂಬಬಾರದು. ನಕಮುರ ಪದ್ಧತಿಯಿಂದ ನೆಲದ ಲಯ ಚೆನ್ನಾಗಿ ಸಿಕ್ಕುತ್ತದೆ. ಭೂಕಂಪದಲ್ಲಿ ಅಲುಗಾಟ ಎಷ್ಟು ಪಟ್ಟು ಹೆಚ್ಚೀತೆಂಬುದು ಅಷ್ಟು ನಂಬಿಕೆಯಾಗಿ ಸಿಕ್ಕುವುದಿಲ್ಲ. ಒಂದೇ ಲಯವನ್ನು ತೆಳು ಕೆಸರೂ ಕೊಡಬಹುದು, ದಪ್ಪನೆಯ ಗಟ್ಟಿಮಣ್ಣೂ ಕೊಡಬಹುದು. ಪದರಗಳ ಚಿತ್ರವೂ ಹಾಗೆಯೇ; ಒಂದೇ ಅಳತೆಗೆ ಹೊಂದುವ ಚಿತ್ರಗಳು ಒಂದಕ್ಕಿಂತ ಹೆಚ್ಚು. ಆದ್ದರಿಂದ ಸಮೀಪದಲ್ಲಿ ಒಂದಾದರೂ ಬೋರಿನ ಸಾಕ್ಷ್ಯವಿರಬೇಕು. ಬೋರನ್ನು ಇದು ತಪ್ಪಿಸುವುದಿಲ್ಲ; ಹತ್ತು ಬೋರಿನ ಕಡೆ ಎರಡು ಸಾಕೆನಿಸುತ್ತದೆ, ಅವನ್ನು ಎಲ್ಲಿ ಕೊರೆಯಬೇಕೆಂದು ತೋರಿಸುತ್ತದೆ.

ನಮ್ಮ ದೇಶಕ್ಕೆ ಇದರ ಪಾಠ ಬಂದುದು ೨೦೦೧ರ ಜನವರಿ ೨೬ರಂದು. ಭುಜ್ ಭೂಕಂಪದ ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರವಿದ್ದ ಅಹಮದಾಬಾದಿನಲ್ಲಿ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಸಾಬರಮತಿ ನದಿ ಹಾಸಿದ ಮೆಕ್ಕಲಿನ ಮೇಲಿನ ಹಲವು ಬಹುಮಹಡಿ ಕಟ್ಟಡಗಳು ಕುಸಿದವು. ದೋಷವೆಲ್ಲ ಮಣ್ಣಿನದೇ ಅಲ್ಲ. ಕೆಳಗೆ ಗೋಡೆಯಿಲ್ಲದೆ ಬರಿಯ ಕಂಬಗಳ ಮೇಲೆ ಕಾರು ನಿಲ್ಲಿಸಲು ಬಿಟ್ಟ ಅಂತಸ್ತು, ಕಳಪೆ ಕೆಲಸ ಇವೂ ಸೇರಿದವು. ಆಮೇಲೆ ನಗರದ ನೆಲವನ್ನು ಬಡಾವಣೆಬಡಾವಣೆಯಾಗಿ ಪರೀಕ್ಷಿಸಿ ನಕ್ಷೆ ಮಾಡುವ ಕೆಲಸಕ್ಕೆ ಹೆಚ್ಚಿನ ಮಹತ್ವ ಬಂದಿತು. ದಿಲ್ಲಿಯಲ್ಲಿ ಅದು ನಡೆದಿದೆ. ಅಲ್ಲಿ ಗುಡ್ಡದ ಸಾಲಿನಲ್ಲಿ ಬಂಡೆ ಮೇಲಕ್ಕೇ ಎದ್ದು ಕಾಣುತ್ತದೆ; ಯಮುನೆಯ ಆಚೆ ನೂರಾರು ಅಡಿ ಮೆಕ್ಕಲು. ಒಂದೇ ಊರು, ಎರಡು ಬಗೆಯ ನೆಲ. ಮುಂಬಯಿಯೂ ಹಾಗೆಯೇ: ಅಡಿಯಲ್ಲಿ ಕಪ್ಪು ಶಿಲೆಯಿದ್ದರೂ ಏಳು ದ್ವೀಪಗಳ ನಡುವಣ ಕಡಲನ್ನೂ ಖಾರಿಗಳನ್ನೂ ತುಂಬಿ ಮಾಡಿದ ನೆಲ ಎಷ್ಟೋ. ೧೯೬೭ರ ಡಿಸೆಂಬರಿನ ಕೊಯ್ನಾ ಭೂಕಂಪ ಮುಂಬಯಿ ಪುಣೆಗಳನ್ನು ನಸುಕಿನಲ್ಲಿ ಎಬ್ಬಿಸಿದುದನ್ನು ಹಿರಿಯರು ಮರೆತಿರಲಾರರು.

ಬೆಂಗಳೂರಿನವರು ನಮ್ಮದು ಗಟ್ಟಿ ಕಲ್ಲಿನ ಊರೆಂದು ಬೀಗುವುದುಂಟು. ಬಹುಮಟ್ಟಿಗೆ ಸರಿಯೇ. ಆದರೆ ಊರಿನ ದೊಡ್ಡ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಕೆರೆಯಂಗಳದ ಹೂಳು, ಅದರ ಮೇಲೆ ಸುರಿದ ಮಣ್ಣು, ಇವೆರಡೂ ಮೆಕ್ಸಿಕೊದ ಜೇಡಿಯಷ್ಟು ದಪ್ಪವಲ್ಲ. ಆದರೆ ತೆಳು ಪದರದ ಚುರುಕು ಲಯ ಎರಡು ಮೂರು ಅಂತಸ್ತಿನ ಮನೆಗಳ ಲಯಕ್ಕೆ ಹತ್ತಿರ. ಅಲ್ಲಿಯ ಭಾರತೀಯ ವಿಜ್ಞಾನ ಮಂದಿರದ ಸೀತಾರಾಮ್, ಅನ್ಬಳಗನ್ ಮೊದಲಾದವರು ಸುತ್ತಿಗೆಯ ಪದ್ಧತಿಯನ್ನೂ ಸೂಕ್ಷ್ಮಕಂಪನವನ್ನೂ ಬಳಸಿ ನಗರದ ನೆಲವನ್ನು ಅಳೆದಿದ್ದಾರೆ.

ಇನ್ನು ನಾವು ನೀವು ಮಾಡಬಹುದಾದುದೇನು? ಹೊಸ ಬಡಾವಣೆಯಲ್ಲಿ ಮನೆ ನೋಡುವಾಗ ಅಲ್ಲಿ ಮೊದಲು ಕೆರೆಯೋ ಖಾರಿಯೋ ಹಳ್ಳವೋ ಇತ್ತೇ ಎಂದು ಹಳೆಯ ನಕ್ಷೆಯಲ್ಲಿ ನೋಡಬಹುದು. ನಕ್ಷೆ ಸಿಗದಿದ್ದರೆ ಆ ಜಾಗದ ಹಳಬರನ್ನು ಕೇಳಬಹುದು. ಬಾವಿ ತೋಡಿಸಿದವರಿಗೆ ಬಂಡೆ ಎಲ್ಲಿ ಸಿಕ್ಕಿತೆಂಬುದು ನೆನಪಿರುತ್ತದೆ. ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟಿಸಲು ಹೊರಟಿರುವ ಸೊಸೈಟಿಗಳು ನಮ್ಮವರಲ್ಲಿ ಈಗ ಬಹಳ. ಏಳು ಅಂತಸ್ತು ಇದ್ದ ಕಡೆ ಇಪ್ಪತ್ತೆರಡು ಏಳಿಸುವ ಮಾತು ಬಂದಾಗ, ಕಾರಿಗೆ ಜಾಗವೆಷ್ಟು, ಚದರಡಿ ಎಷ್ಟು ಹೆಚ್ಚು ಎಂಬ ಚರ್ಚೆ ಮುಗಿದ ಮೇಲಾದರೂ ಯಾರಾದರೊಬ್ಬರು ಎದ್ದು ನಿಂತು ನೆಲದ ಪರೀಕ್ಷೆಯ ವರದಿಯನ್ನು ಕೇಳಬೇಕು. ಅದರಲ್ಲಿ ಮಣ್ಣು ಎಷ್ಟು ಭಾರ ತಾಳುತ್ತದೆಂಬುದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಡ್ಡ ಅಲೆಯ ವೇಗ ಮೇಲಿನ ಮೂವತ್ತು ಮೀಟರಿನಲ್ಲಿ ಎಷ್ಟು, ನೆಲದ ಲಯ ಎಷ್ಟು ಸೆಕೆಂಡು, ಏಳಲಿರುವ ಕಟ್ಟಡದ ಲಯ ಎಷ್ಟು ಸೆಕೆಂಡು ಎಂಬ ಮೂರು ಸಂಖ್ಯೆಗಳನ್ನು ಕೇಳಿ ಬರೆಸಿಕೊಂಡು, ಕಡೆಯ ಎರಡು ಒಂದಕ್ಕೊಂದು ಹತ್ತಿರವಾಗಿದ್ದರೆ ಎಂಜಿನಿಯರರಿಂದ ಲಿಖಿತ ವಿವರಣೆ ಪಡೆದು, ಪ್ರತಿಯನ್ನು ಸೊಸೈಟಿಯ ಕಡತದಲ್ಲಿ ಇಡಿಸಬೇಕು.